ಕಸಿಯಾದ ಮೇಲೆ ಚರ್ಮದ ತೊಂದರೆ: ನಿಮ್ಮ ಪ್ರಶ್ನೆ, ತಜ್ಞರ ಉತ್ತರ

ಅಸ್ಥಿಮಜ್ಜೆ ಕಸಿಯ ಬಗ್ಗೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚರ್ಮದ ಕುರಿತೇ ಇವೆ. ಕಸಿಗೆ ಮುಂಚೆ ದಾನಿ, ಕೀಮೋ, ಖರ್ಚು ಎಂದೇ ಮಾತು ಮುಗಿದುಹೋಗಿರುತ್ತದೆ. ಮನೆಗೆ ಬಂದ ಮೇಲೆ ಕಣ್ಣಿಗೆ ಮೊದಲು ಬೀಳುವುದು ಮಾತ್ರ ಚರ್ಮ. ರಕ್ತರೋಗ ಮತ್ತು ಚರ್ಮರೋಗದ ವೈದ್ಯರು ಕೂಡಿ ಉತ್ತರ ಕೊಟ್ಟಿದ್ದಾರೆ. ಔಷಧದ ಪ್ರಮಾಣಗಳನ್ನು ತಿಳಿವಳಿಕೆಗೆಂದು ಹಾಕಿದೆ, ನಿಮ್ಮ ವೈದ್ಯರ ಚೀಟಿಯನ್ನು ನೀವೇ ತಿದ್ದಿಕೊಳ್ಳಲಿಕ್ಕಲ್ಲ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ತಮ್ಮನಿಗೆ ರಕ್ತದ ಕ್ಯಾನ್ಸರ್. ಅಕ್ಕನ ಮಜ್ಜೆ ಪೂರ್ತಿ ಹೊಂದಿತ್ತು, ಕಸಿ ಆಗಿ 24 ದಿನ. ಆಸ್ಪತ್ರೆ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ನಿನ್ನೆಯಿಂದ ಅಂಗೈ ಉರಿ, ಕಿವಿ ಕೆಂಪಗಾಗಿದೆ, ಕತ್ತಿನ ಹಿಂದೆ ದದ್ದು. ಸೆಖೆಗೆ ಆಗಿರಬಹುದೇ? ನಾಡಿದ್ದು ಹೇಗೂ ತಪಾಸಣೆಗೆ ಹೋಗಬೇಕಿದೆ. ಇದು ಕಸಿಯಿಂದಲೇ ಆದದ್ದಾದರೆ, ಅಕ್ಕನದು ಹೊಂದಲಿಲ್ಲವೇ? — ದಾವಣಗೆರೆ

ನಾಡಿದ್ದಿನವರೆಗೆ ಕಾಯಬೇಡಿ, ಇವತ್ತೇ ಕಸಿ ಘಟಕಕ್ಕೆ ಫೋನ್ ಮಾಡಿ. ಬೆವರುಸಾಲೆ ಬೆನ್ನು, ಕಂಕುಳು, ಬಟ್ಟೆ ಬಿಗಿಯುವ ಕಡೆ ಏಳುತ್ತದೆ. ಅಂಗೈಗೆ ಬರುವುದಿಲ್ಲ. ಕಸಿಯ ದಿನವನ್ನು ಸೊನ್ನೆ ಎಂದು ಹಿಡಿದರೆ ಎರಡನೇ ವಾರದಿಂದ ಆರನೇ ವಾರದ ನಡುವೆ ಅಂಗೈ, ಅಂಗಾಲು, ಕಿವಿಯ ಹಾಲೆ, ಕತ್ತಿನ ಹಿಂಭಾಗ, ಎದೆಯ ಮೇಲ್ಭಾಗ ಇವುಗಳಲ್ಲಿ ಉರಿ, ನವೆ, ದದ್ದು ಕಂಡರೆ ಮೊದಲು ಯೋಚಿಸಬೇಕಾದದ್ದು ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್, ಚಿಕ್ಕದಾಗಿ ಜಿವಿಎಚ್‌ಡಿ. ಕಿಡ್ನಿ ಕಸಿಯಲ್ಲಿ ದೇಹ ಹೊಸ ಅಂಗವನ್ನು ತಿರಸ್ಕರಿಸುವ ಭಯ ಇರುತ್ತದೆ. ಇಲ್ಲಿ ಅದು ತಿರುಗುಮುರುಗು: ದಾನಿಯಿಂದ ಬಂದ ಟಿ ಕೋಶಗಳೆಂಬ ಬಿಳಿರಕ್ತಕಣಗಳೇ ಈ ದೇಹವನ್ನು ಪರರದ್ದೆಂದು ಬಗೆದು ಮೈಮೇಲೆ ಬೀಳುತ್ತವೆ. ಅವುಗಳ ಮುಖ್ಯ ಗುರಿ ಚರ್ಮ, ಕರುಳು, ಪಿತ್ತಜನಕಾಂಗ. ಸಾಮಾನ್ಯವಾಗಿ ಚರ್ಮದ್ದು ಮೊದಲ ಸರದಿ.

ನಮ್ಮವರ ಮೈಬಣ್ಣದಲ್ಲಿ ಒಂದು ತೊಡಕಿದೆ. ಪುಸ್ತಕದ ಚಿತ್ರಗಳಲ್ಲಿ ಕಾಣುವ ಗುಲಾಬಿ ಕೆಂಪು ನಮ್ಮ ಕಪ್ಪು ಅಥವಾ ಗೋಧಿ ಮೈಬಣ್ಣದ ಮೇಲೆ ಎದ್ದು ಕಾಣುವುದಿಲ್ಲ. ತಾಮ್ರದ ಬಣ್ಣವೋ ನೇರಳೆ ಛಾಯೆಯೋ ಕಾಣುತ್ತದೆ, ಇಲ್ಲವೇ ಚರ್ಮ ಒಮ್ಮೆಲೇ ಕಂದಿದಂತಿರುತ್ತದೆ. ಕಣ್ಣಿಗಿಂತ ಕೈಯನ್ನು ನಂಬಿ. ಮುಟ್ಟಿದರೆ ಬಿಸಿಯೇ, ಒರಟಾಗಿದೆಯೇ, ಕೂದಲ ಬುಡದಲ್ಲಿ ಸಣ್ಣ ಮುಳ್ಳಿನಂತೆ ಎದ್ದಿದೆಯೇ ನೋಡಿ. ಕಿಟಕಿಯ ಹಗಲು ಬೆಳಕಿನಲ್ಲಿ, ಫ್ಲಾಶ್ ಹಾಕದೆ, ದಿನವೂ ಅದೇ ಜಾಗದ ಫೋಟೊ ತೆಗೆದಿಡಿ.

ಎಷ್ಟು ಹರಡಿದೆ ಎಂದು ಅಳೆಯಲು ರೋಗಿಯ ಅಂಗೈಯೇ ಸಾಕು. ಬೆರಳು ಸೇರಿಸಿ ಒಂದು ಅಂಗೈ ಅಗಲ ಅಂದರೆ ಮೈಯ ಸುಮಾರು ಶೇ 1. ದದ್ದು ಶೇ 25ರ ಒಳಗಿದ್ದರೆ ಮೊದಲ ಹಂತ, 25ರಿಂದ 50 ಎರಡನೆಯದು, 50 ದಾಟಿದರೆ ಮೂರನೆಯದು. ಮೈಯೆಲ್ಲ ಕೆಂಪಾಗಿ ಗುಳ್ಳೆ ಎದ್ದು ಚರ್ಮ ಸುಲಿಯತೊಡಗಿದರೆ ನಾಲ್ಕನೆಯದು. ಫೋನಿನಲ್ಲಿ "ಸ್ವಲ್ಪ ದದ್ದು" ಅನ್ನುವುದರ ಬದಲು "ಹನ್ನೆರಡು ಅಂಗೈಯಷ್ಟು, ನಿನ್ನೆ ಏಳಿತ್ತು" ಎಂದು ಹೇಳಿ. ಆ ಒಂದು ಮಾತಿನಿಂದ ವೈದ್ಯರಿಗೆ ಇಂದೇ ಕರೆಸಬೇಕೋ ಬೇಡವೋ ಗೊತ್ತಾಗುತ್ತದೆ. ಜೊತೆಗೆ ಭೇದಿಯ ಲೆಕ್ಕ ಹೇಳಿ. ಎಷ್ಟು ಸಲ ಎನ್ನುವುದಕ್ಕಿಂತ ಎಷ್ಟು ಮಿಲಿಲೀಟರ್ ಎನ್ನುವುದು ಮುಖ್ಯ, ಹಾಗಾಗಿ ಗುರುತು ಹಾಕಿದ ಪಾತ್ರೆ ಇಟ್ಟುಕೊಳ್ಳಿ. ದೊಡ್ಡವರಲ್ಲಿ ದಿನಕ್ಕೆ 500 ಮಿಲಿಲೀಟರ್ ಮೀರಿದರೆ ಕರುಳಿಗೂ ಹತ್ತಿರಬಹುದು. ರಕ್ತದ ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) ಡೆಸಿಲೀಟರಿಗೆ 2 ಮಿಲಿಗ್ರಾಂ ಮುಟ್ಟಿದರೆ ಪಿತ್ತಜನಕಾಂಗದ ಮೇಲೂ ಗಮನ ಹೋಗುತ್ತದೆ.

ದದ್ದು ಎಂದಾಕ್ಷಣ ಎಲ್ಲವೂ ಜಿವಿಎಚ್‌ಡಿ ಅಲ್ಲ. ನ್ಯುಮೋನಿಯಾ ಬಾರದಿರಲಿ ಎಂದು ಕೊಡುವ ಕೋಟ್ರೈಮೋಕ್ಸಾಜೋಲ್, ಆ್ಯಂಟಿಬಯೋಟಿಕ್‌ಗಳು, ಕೆಲವು ವೈರಸ್‌ಗಳು ಇದೇ ಥರದ ದದ್ದು ಎಬ್ಬಿಸುತ್ತವೆ. ಅನುಮಾನ ಬಂದರೆ 4 ಮಿಲಿಮೀಟರ್‌ನಷ್ಟು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಮರಗಟ್ಟಿಸಿ ತೆಗೆಯುವುದರಿಂದ ನೋವು ಕಡಿಮೆ, ಒಂದೆರಡು ಹೊಲಿಗೆ ಬೀಳುತ್ತದೆ. ಆದರೆ ಮೊದಲ ದಿನಗಳಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಔಷಧದ ದದ್ದಿಗೂ ಇದಕ್ಕೂ ವ್ಯತ್ಯಾಸ ಸ್ಪಷ್ಟ ಕಾಣದೇ ಇರಬಹುದು. ಅದಕ್ಕೇ ಎಷ್ಟೋ ಸಲ ವರದಿ ಕೈಸೇರುವ ಮುನ್ನವೇ ಚಿಕಿತ್ಸೆ ಶುರುವಾಗುತ್ತದೆ. ವೈದ್ಯರು ಅವಸರಪಟ್ಟರು ಎಂದುಕೊಳ್ಳಬೇಡಿ.

ಚರ್ಮಕ್ಕೆ ಮಾತ್ರ ಹತ್ತಿ ಅರ್ಧ ಮೈಗಿಂತ ಕಡಿಮೆ ಇದ್ದರೆ ಹಚ್ಚುವ ಸ್ಟೀರಾಯ್ಡ್ ಮುಲಾಮು, ಜೊತೆಗೆ ನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೊಲಿಮಸ್ ಅಥವಾ ಸೈಕ್ಲೋಸ್ಪೊರಿನ್ ಔಷಧದ ಮಟ್ಟವನ್ನು ರಕ್ತದಲ್ಲಿ ಸರಿಪಡಿಸುವುದು, ಇಷ್ಟಕ್ಕೇ ಹಲವರಲ್ಲಿ ಹಿಡಿತಕ್ಕೆ ಬರುತ್ತದೆ. ಮಟ್ಟ ಪರೀಕ್ಷೆಗೆ ರಕ್ತ ಕೊಡುವ ದಿನ ಬೆಳಗಿನ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕು. ಮೊದಲೇ ನುಂಗಿಬಿಟ್ಟರೆ ಅಂಕಿ ಸುಳ್ಳಾಗಿ ಏರಿರುತ್ತದೆ, ಅದನ್ನು ನಂಬಿ ಪ್ರಮಾಣ ಇಳಿಸಿದರೆ ದದ್ದು ಇನ್ನಷ್ಟು ಕೆರಳುತ್ತದೆ. ಅರ್ಧ ಮೈ ದಾಟಿದರೆ, ಅಥವಾ ಕರುಳು, ಪಿತ್ತಜನಕಾಂಗ ಸೇರಿಕೊಂಡರೆ ಮೀಥೈಲ್‌ಪ್ರೆಡ್ನಿಸೊಲೋನ್ ತೂಕದ ಕಿಲೋಗೆ ದಿನಕ್ಕೆ 1ರಿಂದ 2 ಮಿಲಿಗ್ರಾಂ. ಮೂರು ದಿನದಲ್ಲಿ ಏರುತ್ತಲೇ ಹೋದರೆ, ಇಲ್ಲವೇ ವಾರವಾದರೂ ತಗ್ಗದಿದ್ದರೆ ಸ್ಟೀರಾಯ್ಡ್‌ಗೆ ಬಗ್ಗಲಿಲ್ಲ ಎಂದರ್ಥ. ಆಗ ಮುಂದಿನ ಔಷಧ ಬೇಕು. ಇವುಗಳಲ್ಲಿ ರುಕ್ಸೊಲಿಟಿನಿಬ್‌ಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ದದ್ದು ಮಾಯವಾಯಿತೆಂದು ಸ್ಟೀರಾಯ್ಡ್ ಗುಳಿಗೆಯನ್ನು ಮನೆಯಲ್ಲೇ ನಿಲ್ಲಿಸಬೇಡಿ. ವಾರಗಟ್ಟಲೆ ನುಂಗಿದ ಮೇಲೆ ದೇಹ ತನ್ನ ಪಾಲಿನದನ್ನು ತಯಾರಿಸುವುದನ್ನೇ ಬಿಟ್ಟಿರುತ್ತದೆ. ತಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯಬಹುದು, ದದ್ದೂ ಮರಳುತ್ತದೆ.

ನಿಮ್ಮ ಪತ್ರದ ಕೊನೆಗೆ "ಅಕ್ಕನದು ಹೊಂದಲಿಲ್ಲವೇ" ಎಂದಿದ್ದೀರಿ. ಹೊಂದಿದೆ. ಆ ಪರೀಕ್ಷೆಯಲ್ಲಿ ನೋಡುವುದು ಕೋಶಗಳ ಮೇಲಿರುವ ಎಚ್‌ಎಲ್‌ಎ ಗುರುತುಗಳನ್ನು. ಅವುಗಳಾಚೆಗೂ ಒಡಹುಟ್ಟಿದವರ ನಡುವೆ ಸಣ್ಣಪುಟ್ಟ ವ್ಯತ್ಯಾಸ ಸಾಕಷ್ಟಿವೆ. ಹೆಣ್ಣಿನಿಂದ ಗಂಡಿಗೆ ಬಂದ ಕೋಶಗಳಿಗೆ ವೈ ವರ್ಣತಂತುವಿನ ಪ್ರೋಟೀನ್‌ಗಳೇ ಹೊಸವು. ಇದರಲ್ಲಿ ಅಕ್ಕನ ತಪ್ಪು ಎಳ್ಳಷ್ಟೂ ಇಲ್ಲ, ಆಕೆಗೆ ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು.

ಅಪ್ಪನಿಗೆ ಮೈಲೋಮಾ (ಮಜ್ಜೆಯ ಕ್ಯಾನ್ಸರ್). ಅವರದೇ ಕಾಂಡಕೋಶ ತೆಗೆದು ಅವರಿಗೇ ಕೊಟ್ಟರು. 11ನೇ ದಿನ ಜ್ವರ, ಮೈಯೆಲ್ಲ ದದ್ದು. ದಾನಿಯೇ ಇಲ್ಲದಿದ್ದರೂ ಜಿವಿಎಚ್‌ಡಿ ಬರುತ್ತದೆಯೇ? — ಶಿವಮೊಗ್ಗ

ತೀರಾ ಅಪರೂಪ. ಬಿಳಿರಕ್ತಕಣ ಮೇಲೇಳುವ ಆ ನಾಲ್ಕಾರು ದಿನಗಳಲ್ಲಿ ಜ್ವರ, ದದ್ದು, ಮೈಯೂತ, ಕೆಲವರಿಗೆ ಉಬ್ಬಸ ಒಟ್ಟಿಗೆ ಬರುವುದುಂಟು. ಹೊಸ ಕೋಶ ಬೇರೂರುವಾಗಿನ ಉರಿಯೂತ ಇದು. ಸೋಂಕಿಲ್ಲ ಎಂದು ಖಚಿತವಾದ ಮೇಲೆ ಕೆಲವೇ ದಿನ ಸ್ಟೀರಾಯ್ಡ್ ಕೊಟ್ಟರೆ ಇಳಿಯುತ್ತದೆ. ಉಸಿರು ಕಟ್ಟಿದರಂತೂ ತುರ್ತು. ಮುಂದೆ ತಿಂಗಳುಗಳಾದ ಮೇಲೆ ಮೈಲೋಮಾಗೆ ಕೊಡುವ ಲೆನಾಲಿಡೊಮೈಡ್ ಗುಳಿಗೆ ಶುರುಮಾಡಿದಾಗ ಮತ್ತೆ ದದ್ದು ಬಂದರೆ ಗುಳಿಗೆಯನ್ನೇ ಅನುಮಾನಿಸಿ. ಬಾಯಲ್ಲಿ, ಕಣ್ಣಲ್ಲಿ ಹುಣ್ಣಾಗದೆ ಬರೀ ನವೆ ಇದ್ದರೆ ಅದನ್ನು ಕೆಲ ದಿನ ತಡೆಹಿಡಿದು, ವೈದ್ಯರ ಮಾತಿನಂತೆ ಪ್ರಮಾಣ ತಗ್ಗಿಸಿ ಮತ್ತೆ ಆರಂಭಿಸುವುದು ವಾಡಿಕೆ.

ಆರು ವರ್ಷದ ಮಗಳಿಗೆ ಥಲಸ್ಸೀಮಿಯಾ. ಕಸಿಯ ಮುಂಚೆ ಥಯೋಟೆಪಾ ಎಂಬ ಕೀಮೋ ಔಷಧ ಕೊಟ್ಟ ದಿನ ರಾತ್ರಿಯೂ ಎಬ್ಬಿಸಿ ಸ್ನಾನ ಮಾಡಿಸಿದರು. ಆದರೂ ಕಂಕುಳು, ತೊಡೆಸಂದು ಸುಟ್ಟಂತೆ ಕಪ್ಪಾಗಿ ಸಿಪ್ಪೆ ಎದ್ದಿದೆ. ಬಣ್ಣ ವಾಪಸು ಬರುವುದೇ? — ಹುಬ್ಬಳ್ಳಿ

ಬರುತ್ತದೆ, ಆದರೆ ನಿಧಾನ. ಮೇಲಿನ ಸಿಪ್ಪೆ ಎರಡು ಮೂರು ವಾರದಲ್ಲಿ ಉದುರುತ್ತದೆ, ಕಪ್ಪು ತಿಳಿಯಾಗಲು ತಿಂಗಳುಗಳು ಬೇಕು. ಥಯೋಟೆಪಾ ಬೆವರಿನಲ್ಲಿ ಹೊರಬೀಳುತ್ತದೆ. ಮಡಿಕೆಗಳಲ್ಲಿ, ಡಯಾಪರ್ ಕೆಳಗೆ, ಪ್ಲಾಸ್ಟರ್ ಅಂಟಿಸಿದ ಕಡೆ ಆ ಬೆವರು ನಿಂತು ಚರ್ಮವನ್ನು ಸುಡುತ್ತದೆ. ಔಷಧ ಕೊಡುವ ದಿನಗಳಲ್ಲೂ ಕೊನೆಯ ಡೋಸ್ ಆಗಿ 48 ಗಂಟೆಯವರೆಗೂ ದಿನಕ್ಕೆ ಕನಿಷ್ಠ ಎರಡು ಸಲ, ಹಲವು ಘಟಕಗಳಲ್ಲಿ ಆರು ಗಂಟೆಗೊಮ್ಮೆ, ನೀರಿನಲ್ಲಿ ತೊಳೆಯುವುದು ಅದಕ್ಕೇ. ಬಟ್ಟೆ, ಹಾಸಿಗೆಯ ಹೊದಿಕೆಯನ್ನೂ ಬದಲಿಸುತ್ತಾರೆ. ಆ ಅವಧಿಯಲ್ಲಿ ಎಣ್ಣೆ, ಕ್ರೀಮು, ಪೌಡರ್ ಯಾವುದೂ ಬೇಡ, ಅವು ಔಷಧವನ್ನು ಚರ್ಮಕ್ಕೇ ಅಂಟಿಸಿಡುತ್ತವೆ. ಇನ್ನೊಂದು ಮಗುವಿಗೆ ಇದೇ ಚಿಕಿತ್ಸೆ ಆಗಲಿದ್ದರೆ ಆ ತಾಯಿಗೆ ಇದನ್ನು ತಿಳಿಸಿ.

ಈಗ ಸಿಪ್ಪೆಯನ್ನು ಕೈಯಿಂದ ಎಳೆಯಬೇಡಿ, ಉಜ್ಜಬೇಡಿ. ಬಿಳಿ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಹಚ್ಚಿ. ಬಣ್ಣ ತಿಳಿಯಾಗಲೆಂದು ಕಡಲೆಹಿಟ್ಟು, ನಿಂಬೆರಸ, ಬಿಳುಪಿನ ಕ್ರೀಮು ಹಚ್ಚಿದರೆ ಹಸಿ ಚರ್ಮ ಉರಿಗೊಂಡು ಕಪ್ಪು ಇನ್ನೂ ಆಳಕ್ಕಿಳಿಯುತ್ತದೆ.

ಕಸಿಯಾಗಿ ಎರಡು ವರ್ಷ. ಕಾಯಿಲೆ ಮರಳಿಲ್ಲ. ಆದರೆ ಮುಂಗೈ, ತೊಡೆಯ ಚರ್ಮ ಹಲಗೆಯಂತೆ ಬಿಗಿದಿದೆ. ನೆಲಕ್ಕೆ ಕುಕ್ಕರಗಾಲಲ್ಲಿ ಕೂರಲಾಗುತ್ತಿಲ್ಲ, ಬಿಸಿಲಿಗೆ ಹೋದರೆ ತಲೆ ಸುತ್ತುತ್ತದೆ. ವಾತ ಎಂದು ಎಣ್ಣೆ ಉಜ್ಜಿಸುತ್ತಿದ್ದೇನೆ. — ಕಲಬುರಗಿ

ಉಜ್ಜಿಸುವುದನ್ನು ನಿಲ್ಲಿಸಿ. ನಿಮ್ಮ ಲಕ್ಷಣಗಳು ದೀರ್ಘಕಾಲದ ಜಿವಿಎಚ್‌ಡಿಯತ್ತ ಬೊಟ್ಟು ಮಾಡುತ್ತವೆ. ಚರ್ಮದ ಕೆಳಪದರ, ಅದರಡಿಯ ಕೊಬ್ಬು, ಸ್ನಾಯುವನ್ನು ಸುತ್ತಿರುವ ಪೊರೆ ನಾರುಗಟ್ಟಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಣ್ಣೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಜೋರಾಗಿ ತಿಕ್ಕಿದರೆ ತೆಳುವಾದ ಮೇಲ್ಚರ್ಮ ಹರಿದು ಹುಣ್ಣಾಗುತ್ತದೆ, ಅಂಥ ಹುಣ್ಣು ಮೊಣಕಾಲ ಕೆಳಗಾದರೆ ತಿಂಗಳುಗಟ್ಟಲೆ ಮಾಯುವುದಿಲ್ಲ.

ಮನೆಯಲ್ಲೇ ಮೂರು ಸಂಗತಿ ನೋಡಿಕೊಳ್ಳಿ. ಎದೆಯ ಮುಂದೆ ನಮಸ್ಕಾರದ ಹಾಗೆ ಕೈ ಮುಗಿದು ಮೊಣಕೈಗಳನ್ನು ಪಕ್ಕಕ್ಕೆ ಎತ್ತಿ. ಅಂಗೈಗಳ ನಡುವೆ ಸಂದು ಉಳಿದರೆ ಮಣಿಕಟ್ಟು ಬಿಗಿದಿದೆ. ಮುಂಗೈಯನ್ನು ಮೇಲಕ್ಕೆತ್ತಿ ನರ ಹಾದುಹೋಗುವ ಗೆರೆ ನೋಡಿ. ಚರ್ಮ ಅಲ್ಲಿ ಉಬ್ಬುವ ಬದಲು ಕಾಲುವೆಯಂತೆ ಕುಸಿದಿದ್ದರೆ, ಸುತ್ತ ಕಿತ್ತಳೆ ಸಿಪ್ಪೆಯಂತೆ ಗುಳಿಬಿದ್ದಿದ್ದರೆ, ಆಳದ ಪೊರೆಗೇ ತೊಂದರೆ ತಲುಪಿದೆ. ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಲು ಬರುತ್ತದೆಯೇ ಎನ್ನುವುದು ಮೂರನೆಯದು. ಭುಜ, ಮೊಣಕೈ, ಮಣಿಕಟ್ಟು, ಪಾದದ ಕೀಲು ಎಷ್ಟು ಬಾಗುತ್ತವೆ ಎಂದು ತಿಂಗಳಿಗೊಮ್ಮೆ ಒಂದೇ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿ. ಬಿಗಿತ ದಿನದಿಂದ ದಿನಕ್ಕೆ ಗೊತ್ತಾಗುವುದಿಲ್ಲ, ಫೋಟೊ ಪಕ್ಕಪಕ್ಕ ಇಟ್ಟಾಗ ಗೊತ್ತಾಗುತ್ತದೆ.

ಮೊದಲ ಔಷಧ ಇಲ್ಲಿಯೂ ಸ್ಟೀರಾಯ್ಡ್. ಬಗ್ಗದಿದ್ದರೆ ರುಕ್ಸೊಲಿಟಿನಿಬ್, ಇಬ್ರುಟಿನಿಬ್, ಬೆಲುಮೊಸುಡಿಲ್‌ನಂಥವು ಇವೆ. ರಕ್ತವನ್ನು ಹೊರತೆಗೆದು ಬಿಳಿಕಣಗಳಿಗೆ ಔಷಧ ಬೆರೆಸಿ ಅತಿನೇರಳೆ ಕಿರಣ ಹಾಯಿಸಿ ಮರಳಿಸುವ ಫೋಟೊಫೆರೆಸಿಸ್ ಎಂಬ ವಿಧಾನವೂ ಇದೆ, ಆದರೆ ಎಲ್ಲ ಕಡೆ ಸಿಗುವುದಿಲ್ಲ. ಗಟ್ಟಿಯಾದ ನಾರು ಬೇಗ ಮೆತ್ತಗಾಗದು. ಆರು ತಿಂಗಳಲ್ಲಿ ಬಿಗಿತ ಮುಂದುವರಿಯದೆ ನಿಂತರೂ ಅದು ಗೆಲುವೇ. ಹಾಗಾಗಿ ವ್ಯಾಯಾಮವನ್ನು ಔಷಧದಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಬೆಚ್ಚಗಿನ ನೀರಿನ ಸ್ನಾನವಾದ ಕೂಡಲೇ ದಿನಕ್ಕೆ ಎರಡು ಹೊತ್ತು, ಪ್ರತಿ ಕೀಲನ್ನು ಎಳೆತ ಗೊತ್ತಾಗುವವರೆಗೆ ಬಗ್ಗಿಸಿ 30 ಸೆಕೆಂಡ್ ಹಿಡಿದು ಬಿಡಿ. ಒಮ್ಮೆ ಫಿಸಿಯೋಥೆರಪಿಸ್ಟ್ ಮುಂದೆ ಮಾಡಿ ತೋರಿಸಿ.

ತಲೆ ಸುತ್ತುವುದಕ್ಕೂ ಇದಕ್ಕೂ ಸಂಬಂಧವಿದೆ. ಬಿಗಿದ ಚರ್ಮದಲ್ಲಿ ಬೆವರಿನ ಗ್ರಂಥಿಗಳು ನಾಶವಾಗಿರುತ್ತವೆ. ಬೆವರದೆ ಮೈ ತಣಿಯುವುದಿಲ್ಲ. 42 ಡಿಗ್ರಿ ಮುಟ್ಟುವ ನಿಮ್ಮ ಊರಿನ ಬೇಸಿಗೆಯಲ್ಲಿ ಇದು ಆಟವಲ್ಲ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಹೊರಗೆ ಹೋಗಬೇಡಿ, ಹೋಗಲೇಬೇಕಾದರೆ ತೋಳು ತುಂಬ ಹತ್ತಿಬಟ್ಟೆ, ಅಗಲ ಅಂಚಿನ ಟೋಪಿ, ಕತ್ತಿಗೆ ಒದ್ದೆ ಟವೆಲ್ ಇರಲಿ. ಬಿಸಿಲು ಜಿವಿಎಚ್‌ಡಿಯನ್ನೇ ಕೆರಳಿಸುತ್ತದೆ ಎನ್ನುವುದು ಬೇರೆ. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕೆ ಕಡಿಮೆ ಇರಬಾರದು. ಮುಖ, ಕತ್ತಿಗೆ ಎರಡು ಬೆರಳುದ್ದ ಹಿಂಡಿ ಹಚ್ಚಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಶಿಲೀಂಧ್ರ ಸೋಂಕಿಗೆ ಕೊಡುವ ವೊರಿಕೊನಜೋಲ್ ನುಂಗುತ್ತಿದ್ದರೆ ಇನ್ನೂ ಎಚ್ಚರ ಬೇಕು. ಅದು ಚರ್ಮವನ್ನು ಬಿಸಿಲಿಗೆ ಬಲು ನಾಜೂಕು ಮಾಡುತ್ತದೆ, ವರ್ಷಗಟ್ಟಲೆ ನುಂಗಿದವರಲ್ಲಿ ಚರ್ಮದ ಕ್ಯಾನ್ಸರ್ ಸಾಧ್ಯತೆಯನ್ನೂ ಏರಿಸುತ್ತದೆ. ಮಾಯದ ಹುಣ್ಣು, ಬೆಳೆಯುವ ಗಂಟು ಇದ್ದರೆ ತೋರಿಸಿ, ವರ್ಷಕ್ಕೊಮ್ಮೆ ಇಡೀ ಮೈ ಚರ್ಮ ಪರೀಕ್ಷೆ ಮಾಡಿಸಿ. ಹೋದಾಗ ಬಾಯಿ ಒಣಗುವುದು, ಖಾರಕ್ಕೆ ಉರಿ, ಕಣ್ಣಲ್ಲಿ ಮರಳು ಬಿದ್ದಂತಾಗುವುದು ಇವನ್ನೂ ಹೇಳಿ. ಹೆಂಗಸರು ಜನನಾಂಗದ ಉರಿ, ಬಿಗಿತವನ್ನು ಸಂಕೋಚದಿಂದ ಮುಚ್ಚಿಡುತ್ತಾರೆ. ತಡವಾದರೆ ಅಲ್ಲಿ ಚರ್ಮ ಅಂಟಿಕೊಂಡು ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತದೆ.

ಯಾವ ಮುಲಾಮು, ಎಷ್ಟು ಹಚ್ಚಬೇಕು? ಚೀಟಿಯಲ್ಲಿ "ತೆಳುವಾಗಿ" ಎಂದಷ್ಟೇ ಇದೆ. ಕೊಬ್ಬರಿ ಎಣ್ಣೆ ಸಾಲದೇ? — ಮಂಗಳೂರು

ಟ್ಯೂಬಿನಿಂದ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹಾಗಾದರೆ ಮೈಯ ಹತ್ತನೇ ಒಂದು ಭಾಗಕ್ಕೆ, ಅಂದರೆ ಹತ್ತು ಅಂಗೈಗೆ, ಒಂದು ಹೊತ್ತಿಗೆ ಎರಡೂವರೆ ಗ್ರಾಂ ಬೇಕು. ದಿನಕ್ಕೆ ಎರಡು ಸಲ ಎಂದರೆ 30 ಗ್ರಾಂ ಟ್ಯೂಬು ಆರು ದಿನಕ್ಕೆ ಖಾಲಿಯಾಗಬೇಕು. ತಿಂಗಳು ಬಂತೆಂದರೆ ಹಚ್ಚಿದ್ದು ಸಾಲದಾಗಿದೆ, ಮುಲಾಮು ಕೆಲಸ ಮಾಡಲಿಲ್ಲ ಎನ್ನುವಂತಿಲ್ಲ. ಕ್ಲೋಬೆಟಾಸೋಲ್‌ನಂಥ ತೀಕ್ಷ್ಣ ಸ್ಟೀರಾಯ್ಡ್ ಅಂಗೈ, ಅಂಗಾಲು, ಕೈಕಾಲಿಗೆ ಸರಿ. ವಾರಕ್ಕೆ 50 ಗ್ರಾಂ ಮೀರಬಾರದು. ಮುಖ, ಕಂಕುಳು, ತೊಡೆಸಂದಿಗೆ ಹೈಡ್ರೊಕಾರ್ಟಿಸೋನ್‌ನಂಥ ಸೌಮ್ಯವಾದದ್ದು ಅಥವಾ ಟ್ಯಾಕ್ರೊಲಿಮಸ್ ಮುಲಾಮು.

ಔಷಧದ ಅಂಗಡಿಯಲ್ಲಿ ನವೆ ಎಂದರೆ ಕೈಗಿಡುವ, ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರನ್ನೂ ಕಲಸಿದ ಕ್ರೀಮು ಮಾತ್ರ ಖಂಡಿತ ಬೇಡ. ಎರಡು ದಿನ ನವೆ ತಗ್ಗುತ್ತದೆ, ಒಳಗೆ ಸೋಂಕು ಹರಡುತ್ತದೆ, ವೈದ್ಯರು ನೋಡುವ ಹೊತ್ತಿಗೆ ದದ್ದಿನ ರೂಪವೇ ಕೆಟ್ಟು ಗುರುತು ಸಿಗುವುದಿಲ್ಲ.

ಚರ್ಮ ಒಣಗದಂತೆ ಹಚ್ಚುವ ಲೇಪಕ್ಕೆ ಬೇರೆ ಲೆಕ್ಕ. ಮೈಯೆಲ್ಲ ಒಣಗಿದ್ದರೆ ವಾರಕ್ಕೆ 250ರಿಂದ 500 ಗ್ರಾಂ ಬೇಕು. ಸ್ನಾನವಾಗಿ ಮೂರು ನಿಮಿಷದೊಳಗೆ, ಮೈ ಇನ್ನೂ ಪಸೆಯಿರುವಾಗಲೇ ಹಚ್ಚಿ. ಪರಿಮಳ ಇಲ್ಲದ್ದು ಬೇಕು. ಚರ್ಮ ಒಡೆಯದೆ ಇದ್ದರೆ ಕೊಬ್ಬರಿ ಎಣ್ಣೆ ಆಗಬಹುದು. ಗಾಣದಿಂದ ತಂದು ತೆರೆದಿಟ್ಟ ಬಾಟಲಿಯದ್ದು ಬೇಡ, ಮನೆಮಂದಿಯೆಲ್ಲ ಕೈ ಅದ್ದುವ ಡಬ್ಬಿಯದ್ದೂ ಬೇಡ. ಹಸಿ ಅರಿಸಿನ, ಹಿತ್ತಲ ಲೋಳೆಸರ, ಬೇವಿನ ರಸ ಇವುಗಳಲ್ಲಿ ಮಣ್ಣಿನ ಶಿಲೀಂಧ್ರ ಇರುತ್ತದೆ. ಬಿಳಿರಕ್ತಕಣ ಕಡಿಮೆ ಇದ್ದವರ ಒಡೆದ ಚರ್ಮಕ್ಕೆ ಅವು ನೇರ ದಾರಿ. ಜಿಡ್ಡಿನ ಲೇಪ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಗ್ಯಾಸ್ ಒಲೆ, ದೇವರ ದೀಪದ ಹತ್ತಿರ ಹೋಗುವ ಮುನ್ನ ಬಟ್ಟೆ ಬದಲಿಸಿ. ಒಗೆದರೂ ಆ ಜಿಡ್ಡು ಪೂರ್ತಿ ಹೋಗುವುದಿಲ್ಲ.

ಕಸಿಯಾಗಿ ಎಂಟು ತಿಂಗಳು. ಪಕ್ಕೆಯಲ್ಲಿ ಪಟ್ಟಿಯಂತೆ ನೀರುಗುಳ್ಳೆ, ಸರ್ಪಸುತ್ತು ಎನ್ನುತ್ತಾರೆ. ಕೆಮ್ಮಣ್ಣು ಹಚ್ಚಿಸಲು ಅಮ್ಮ ಒತ್ತಾಯಿಸುತ್ತಿದ್ದಾರೆ. — ಮೈಸೂರು

ಅಮ್ಮನ ಕಾಳಜಿ ಅರ್ಥವಾಗುತ್ತದೆ. ಆರೋಗ್ಯವಂತರಲ್ಲಿ ಅದು ತಾನಾಗಿ ಮಾಯುತ್ತದೆ, ಹೆಸರು ಕೆಮ್ಮಣ್ಣಿಗೆ ಬರುತ್ತದೆ. ನಿಮ್ಮಲ್ಲಿ ಹಾಗೆ ಬಿಟ್ಟರೆ ಮೈಯೆಲ್ಲ ಹರಡಬಹುದು, ಶ್ವಾಸಕೋಶ, ಮಿದುಳಿಗೂ ಹೋಗಬಹುದು. ಮಣ್ಣಂತೂ ಒಡೆದ ಗುಳ್ಳೆಗೆ ವಿಷ. ಇದೇ ದಿನ ಆಸ್ಪತ್ರೆಗೆ ಹೋಗಿ. ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧ ಬಿದ್ದರೆ ಒಳ್ಳೆಯದು, ಮೀರಿದ್ದರೂ ನಿಮ್ಮಂಥವರಿಗೆ ಕೊಡಲೇಬೇಕು. ಹರಡಿದ್ದರೆ ಅಸೈಕ್ಲೊವಿರ್ ಅನ್ನು ರಕ್ತನಾಳದ ಮೂಲಕ ಎಂಟು ಗಂಟೆಗೊಮ್ಮೆ ಹಾಕುತ್ತಾರೆ. ಗುಳ್ಳೆ ಹಣೆ ಅಥವಾ ಮೂಗಿನ ತುದಿಯಲ್ಲಿದ್ದರೆ ಕಣ್ಣಿನ ವೈದ್ಯರೂ ಅದೇ ದಿನ ನೋಡಬೇಕು. ಎಲ್ಲ ಗುಳ್ಳೆ ಒಣಗಿ ಹೊಪ್ಪಳೆ ಕಟ್ಟುವವರೆಗೆ ಗರ್ಭಿಣಿಯರು, ಪುಟ್ಟ ಮಕ್ಕಳು ಹತ್ತಿರ ಬಾರದಿರಲಿ.

ಅಸೈಕ್ಲೊವಿರ್ ಗುಳಿಗೆಯನ್ನು ಕಸಿಯಾಗಿ ಕನಿಷ್ಠ ಒಂದು ವರ್ಷ, ನಿರೋಧಕ ಶಕ್ತಿ ತಗ್ಗಿಸುವ ಔಷಧ ಇರುವವರೆಗೆ ಇನ್ನೂ ಹೆಚ್ಚು ಕಾಲ ನುಂಗಬೇಕು. ಹಲವರು ಆರನೇ ತಿಂಗಳಿಗೆ "ಇದು ಯಾಕೆ" ಎಂದು ಬಿಡುತ್ತಾರೆ. ನಿಮ್ಮ ಡಬ್ಬಿಯಲ್ಲಿ ಇದೆಯೇ ನೋಡಿ.

ತೊಡೆಸಂದಿಯಲ್ಲಿ ಹುಳಕಡ್ಡಿ. ಕಸಿಯಾಗಿ ಐದು ತಿಂಗಳು, ಟ್ಯಾಕ್ರೊಲಿಮಸ್ ನಡೆದಿದೆ. ಹಿಂದೆ ತಿಂದ ಇಟ್ರಾಕೊನಜೋಲ್ ಮನೆಯಲ್ಲಿದೆ, ನುಂಗಲೇ? ತೋಟದ ಚಕ್ಕೋತ ತಿನ್ನಬಹುದೇ? — ದೇವನಹಳ್ಳಿ

ಎರಡೂ ಬೇಡ, ಎರಡಕ್ಕೂ ಕಾರಣ ಒಂದೇ. ಟ್ಯಾಕ್ರೊಲಿಮಸ್ ಅನ್ನು ಒಡೆದು ಹಾಕುವ ಕಿಣ್ವವನ್ನು ಇಟ್ರಾಕೊನಜೋಲ್ ತಡೆಯುತ್ತದೆ. ಚಕ್ಕೋತ, ಅದರ ಬಳಗದ ಗ್ರೇಪ್‌ಫ್ರೂಟ್ ಕೂಡ ಅದೇ ಕೆಲಸ ಮಾಡುತ್ತವೆ. ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರಿ ಕೈ ನಡುಗುತ್ತದೆ, ಕಿಡ್ನಿ ಹಾಳಾಗುತ್ತದೆ. ಭೌಗೋಳಿಕ ಗುರುತು ಪಡೆದ ನಿಮ್ಮೂರಿನ ಹಣ್ಣನ್ನೇ ಬೇಡ ಎನ್ನಲು ನಮಗೂ ಬೇಸರವೇ, ಆದರೆ ಗುಳಿಗೆ ಇರುವವರೆಗೆ ಮುಟ್ಟಬೇಡಿ. ಹುಳಕಡ್ಡಿಯನ್ನು ಕೆರೆದು ಪರೀಕ್ಷೆ ಮಾಡಿಸಿ, ಈಗ ನಮ್ಮಲ್ಲಿ ಟರ್ಬಿನಾಫಿನ್‌ಗೆ ಬಗ್ಗದ ತಳಿ ಹೆಚ್ಚಿದೆ. ಬರೀ ಹಚ್ಚುವ ಔಷಧವಾದರೆ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚಿ, ಮಾಯವಾಗಿ ಎರಡು ವಾರ ಮುಂದುವರಿಸಿ. ನುಂಗುವ ಔಷಧವೇ ಬೇಕಾದರೆ ಟ್ಯಾಕ್ರೊಲಿಮಸ್ ಪ್ರಮಾಣ ಇಳಿಸಿ, ಮಟ್ಟ ನೋಡುತ್ತಾ, ಆಸ್ಪತ್ರೆಯವರೇ ಕೊಡಲಿ. ಉಗುರುಸುತ್ತು ಆಗಿ ಜ್ವರ ಬಂದು, ಮೈಮೇಲೆ ನಡುವೆ ಕಪ್ಪಾದ ನೋವಿನ ಗಂಟುಗಳು ಎದ್ದರೆ ಅದು ಹುಳಕಡ್ಡಿಯಲ್ಲ, ರಕ್ತಕ್ಕಿಳಿದ ಶಿಲೀಂಧ್ರ ಇರಬಹುದು. ಅಂಥದ್ದಕ್ಕೆ ರಾತ್ರಿಯಾದರೂ ಹೊರಡಿ.

ತಂಗಿಯ ಮದುವೆಗೆ ಮೆಹಂದಿ ಹಾಕಿಸಿಕೊಳ್ಳಬಹುದೇ? ಮಗ ಗುಣವಾದರೆ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಡಿಸುವ ಹರಕೆಯೂ ಇದೆ. — ಚಾಮರಾಜನಗರ

ಕಪ್ಪು ಮೆಹಂದಿ ಯಾರಿಗೂ ಬೇಡ. ಅದಕ್ಕೆ ಬೆರೆಸುವ ಕೂದಲ ಬಣ್ಣದ ರಾಸಾಯನಿಕ ಗುಳ್ಳೆ ಎಬ್ಬಿಸಿ ಕಲೆ ಉಳಿಸುತ್ತದೆ. ಮನೆಮಂದಿ ಹಾಕಿಕೊಂಡರೂ ಕಸಿಯಾದವರ ಅಂಗೈ ಖಾಲಿ ಇರಲಿ, ಏಕೆಂದರೆ ಮರಳಿ ಬರುವ ದದ್ದು ಮೊದಲು ಕಾಣಬೇಕಾದ ಜಾಗವೇ ಅದು. ಮುಡಿಯನ್ನು ನಿರೋಧಕ ಶಕ್ತಿ ತಗ್ಗಿಸುವ ಗುಳಿಗೆ ಪೂರ್ತಿ ನಿಂತು, ಪ್ಲೇಟ್‌ಲೆಟ್ ಸರಿಯಾಗಿ, ಕೂದಲು ಚೆನ್ನಾಗಿ ಬೆಳೆದ ಮೇಲೆ ಕೊಡಿಸಿ. ಅಷ್ಟರೊಳಗೆ ತೀರಿಸಲೇಬೇಕೆಂದರೆ ಕ್ಷೌರದ ಕತ್ತಿ ತಲೆಗೆ ತಾಗದಂತೆ ಕತ್ತರಿಯಲ್ಲಿ ಮೂರು ಎಳೆ ಕತ್ತರಿಸಿ ಒಪ್ಪಿಸಬಹುದು. ಕತ್ತರಿ ಮನೆಯಿಂದಲೇ ಒಯ್ಯಿರಿ, ಸ್ಪಿರಿಟ್‌ನಲ್ಲಿ ಒರೆಸಿ.